ಸೀಟು ಮಗುವಿಗಾಗಿ, ಮಗು ಸೀಟಿಗಾಗಿ ಅಲ್ಲ



ಸ್ವಲ್ಪ ದಿನದ ಹಿಂದೆ ಭಾನುವಾರದ ಬಲಿಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ, ಬೇವಿನ ಮರದ ನೆರಳಲ್ಲಿ ಒಂದು ಹೊಸ ಕಾರು ನಿಂತಿತ್ತು. ಬೆಂಗಳೂರಲ್ಲಿ ಕೆಲಸಕ್ಕಿರುವ ನಮ್ಮೂರ ಅಣ್ಣ ಒಬ್ಬರು ಹೆಂಡತಿ, ಎಂಟು ತಿಂಗಳ ಮಗುವಿನ ಜೊತೆ ಬಂದಿದ್ದರು. ಬಾನೆಟ್ ಮೇಲೆ ಚೆಂಡುಹೂವಿನ ಹಾರ ಇತ್ತು. ಫಾದರ್ ಪ್ರಾರ್ಥನೆ ಹೇಳಿ ಪವಿತ್ರ ಜಲ ಚಿಮುಕಿಸಿದರು. ನಾವು ಯುವಕರೆಲ್ಲ ಸುತ್ತ ನಿಂತು ಒಳಗೆ ಇಣುಕಿ ನೋಡಿದೆವು. ತಿಳಿ ಕಂದು ಬಣ್ಣದ ಲೆದರ್ ಸೀಟು. ಮುಂದಿನ ಸೀಟಿನ ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿರಲಿಲ್ಲ.

ಊರಿಗೆ ತಂದ ಸಾಮಾನು ಇಳಿಸಲು ಡಿಕ್ಕಿ ತೆಗೆದಾಗ ಅಕ್ಕಿಮೂಟೆಯ ಪಕ್ಕದಲ್ಲಿ ಮಗುವಿನ ಕಾರ್ ಸೀಟು ಕಾಣಿಸಿತು. ಅದೂ ಹೊಸದೇ. ತಲೆಕೆಳಗಾಗಿ ಬಿದ್ದಿತ್ತು.

"ಇದನ್ಯಾಕಣ್ಣ ಇಲ್ಲಿ ಹಾಕಿದೀಯ?" ಎಂದು ನಮ್ಮಲ್ಲಿ ಒಬ್ಬ ಕೇಳಿದ.

"ಒಂದು ವಾರ ಕಟ್ಟಿದ್ದೆ ತಮ್ಮ. ಲೆದರ್ ಮೇಲೆ ಗುಂಡಿ ಬಿದ್ದಂಗೆ ಗುರುತು ಬಿತ್ತು. ಇಷ್ಟು ದುಡ್ಡು ಸುರಿದು ತಂದಿರೋದು, ಆರು ತಿಂಗಳಿಗೇ ಹಾಳಾದರೆ? ಅದಕ್ಕೇ ಬಿಚ್ಚಿಬಿಟ್ಟೆ. ಪಾಪು ಅವರಮ್ಮನ ತೊಡೆ ಮೇಲೆ ಆರಾಮಾಗಿ ಕೂತಿರ್ತೈತೆ."

ಎಲ್ಲರೂ ನಕ್ಕೆವು. ತಾಯಿ ಮಗುವನ್ನು ಎತ್ತಿಕೊಂಡು ಮುಂದಿನ ಸೀಟಿನಲ್ಲೇ ಕೂತರು. ಕಾರು ಹೊರಟಿತು. ನಾವು ಕೈ ಬೀಸಿದೆವು.

ಅವತ್ತು ನಾವು ಬಾಯಿ ಬಿಡಲಿಲ್ಲ. ದೊಡ್ಡವರು, ಹೊಸ ಕಾರಿನ ಸಂತೋಷ, ಅದೂ ಪೂಜೆ ಆದ ದಿನ, ನಾವೇನು ಹೇಳುವುದು ಎಂದು ಸುಮ್ಮನಾದೆವು. ಮುಂದಿನ ವಾರದ ಯುವಜನರ ಸಭೆಯಲ್ಲಿ ಇದೇ ಮಾತು ಬಂತು. ಆಗ ಹೇಳಬೇಕಿದ್ದುದನ್ನು ಈಗ ಎಲ್ಲರಿಗೂ ಸೇರಿಸಿ ಹೇಳುತ್ತಿದ್ದೇವೆ. ಲೆದರ್ ಸೀಟನ್ನು ಕಾಪಾಡಿಕೊಳ್ಳಿ, ತಪ್ಪಿಲ್ಲ, ಅದಕ್ಕೆ ದಾರಿಯೂ ಇದೆ. ಆದರೆ ಸೀಟಿಗೆ ಗುರುತು ಬೀಳುತ್ತದೆಂದು ಮಗುವಿನ ಸೀಟನ್ನು ಡಿಕ್ಕಿಗೆ ಹಾಕಬೇಡಿ.

ಆ ಅಣ್ಣನ ಕಡೆಯೂ ನೋಡೋಣ

ಅವರನ್ನು ಹಂಗಿಸುವುದು ನಮ್ಮ ಉದ್ದೇಶವಲ್ಲ. ನಮ್ಮ ಸೀಮೆಯಲ್ಲಿ ಕಾರು ಕೊಳ್ಳುವುದು ಎಂದರೆ ಏನು ಎಂದು ನಮಗೆ ಗೊತ್ತು. ಮಳೆ ನಂಬಿ ಕಡಲೆಕಾಯಿ ಬಿತ್ತಿ, ಮಳೆ ಕೈಕೊಟ್ಟು, ಸಾಲ ತೀರಿಸಿ, ಮಕ್ಕಳನ್ನು ಓದಿಸಿದ ಮನೆಗಳು ನಮ್ಮವು. ಅನಂತಪುರ ಜಿಲ್ಲೆ ದೇಶದಲ್ಲೇ ತೀರಾ ಕಡಿಮೆ ಮಳೆ ಬೀಳುವ ಜಿಲ್ಲೆಗಳಲ್ಲಿ ಒಂದು. ಅಂಥ ನೆಲದಿಂದ ಹೋದ ಮಗ ಕಾರು ತಂದು ಅಂಗಳದಲ್ಲಿ ನಿಲ್ಲಿಸಿದರೆ ಅದು ಮೂರು ತಲೆಮಾರಿನ ಬೆವರು. ಅದರ ಮೇಲೆ ಒಂದು ಗೀರು ಬಿದ್ದರೂ ಹೊಟ್ಟೆ ಉರಿಯುತ್ತದೆ. ಇನ್ನೂ ಐದು ವರ್ಷ ಕಂತು ಕಟ್ಟುವುದಿದ್ದರೆ ಕೇಳುವುದೇ ಬೇಡ.

ಗುರುತು ಬೀಳುವುದೂ ಸುಳ್ಳಲ್ಲ. ಮಗುವಿನ ಸೀಟಿನ ತಳ ಗಟ್ಟಿ ಪ್ಲಾಸ್ಟಿಕ್. ಅದು ಅಲ್ಲಾಡದಂತೆ ಬಿಗಿದು ಕಟ್ಟಬೇಕು. ಬಿಗಿದು ಕಟ್ಟಿದ ಮೇಲೆ ತಳದ ಅಂಚು ಕೆಳಗಿನ ಮೆತ್ತೆಯನ್ನು ಒತ್ತಲೇಬೇಕು. ಜೊತೆಗೆ ನಮ್ಮ ಕೆಂಪು ಧೂಳು. ನಡುವೆ ಮರಳಿನ ಕಣ ಸಿಕ್ಕಿದರೆ ಪ್ರತಿ ಕುಲುಕಿಗೂ ಉಪ್ಪುಕಾಗದದಂತೆ ಉಜ್ಜುತ್ತದೆ. ಮೇಲಿಂದ ಹಾಲು, ರಾಗಿ ಸರಿ, ಬಾಳೆಹಣ್ಣು, ಬಿಸ್ಕತ್ತಿನ ಪುಡಿ.

ಅಂದರೆ ಚಿಂತೆ ನಿಜ. ಆದರೆ ಆ ಚಿಂತೆಯನ್ನು ಎಲ್ಲಿ ಇಡಬೇಕು ಎನ್ನುವುದರಲ್ಲಿ ತಪ್ಪಾಗಿದೆ.

ತಾಯಿಯ ತೊಡೆ ಎಷ್ಟು ಗಟ್ಟಿ?

ನಮ್ಮಲ್ಲಿ ಎಲ್ಲರೂ ನಂಬಿರುವ ಮಾತು ಒಂದು: ತಾಯಿಯ ತೊಡೆಗಿಂತ ಸುರಕ್ಷಿತ ಜಾಗ ಇಲ್ಲ. ಮನೆಯಲ್ಲಿ, ಚರ್ಚಿನಲ್ಲಿ, ಹೊಲದ ಬದುವಿನಲ್ಲಿ ಇದು ಸತ್ಯ. ಓಡುವ ಕಾರಿನಲ್ಲಿ ಸತ್ಯವಲ್ಲ. ಪ್ರೀತಿಗೂ ಇದಕ್ಕೂ ಸಂಬಂಧವಿಲ್ಲ, ತೂಕ ಮತ್ತು ವೇಗದ ಲೆಕ್ಕ ಅಷ್ಟೆ.

ಶಾಲೆಯಲ್ಲಿ ಕಲಿತ ಲೆಕ್ಕವನ್ನೇ ಹಾಕಿ ನೋಡಿ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಏನಕ್ಕಾದರೂ ಗುದ್ದಿದರೆ, ಒಳಗೆ ಕಟ್ಟದೆ ಕೂತವರಿಗೆ ಅದು ಸುಮಾರು 10 ಮೀಟರ್ ಎತ್ತರದಿಂದ ಬಿದ್ದಷ್ಟೇ ಪೆಟ್ಟು. 10 ಮೀಟರ್ ಎಂದರೆ 32 ಅಡಿಗಿಂತ ಹೆಚ್ಚು. ನಮ್ಮೂರ ಕಡೆಯ ಹಳೇ ಬಾವಿಗಳು ನೆನಪಿವೆಯಾ? ಅಂಥ ನೀರಿಲ್ಲದ ಒಂದು ಬಾವಿಯ ಕಟ್ಟೆ ಮೇಲೆ ಮಗುವನ್ನು ತೊಡೆಯಲ್ಲಿ ಕೂರಿಸಿಕೊಳ್ಳುತ್ತೇವಾ? 50 ಕಿಲೋಮೀಟರ್ ವೇಗವನ್ನು ನಾವು ವೇಗ ಎಂದೇ ಕರೆಯುವುದಿಲ್ಲ. "ನಿಧಾನವಾಗೇ ಬಂದ್ವಿ" ಎನ್ನುತ್ತೇವೆ.

ಇನ್ನೊಂದು ಲೆಕ್ಕ. ಅದೇ ವೇಗದ ಕಾರು ಅರ್ಧ ಮೀಟರ್ ಒಳಗೆ ನಿಂತುಹೋದರೆ, ಆ ಕ್ಷಣ ಮಗುವಿನ ತೂಕ ಸುಮಾರು 20 ಪಟ್ಟು ಆದಂತೆ. 10 ಕಿಲೋ ಮಗುವನ್ನು ಹಿಡಿದುಕೊಳ್ಳಲು ತಾಯಿ 200 ಕಿಲೋ ಹಿಡಿಯಬೇಕು. ನಾಲ್ಕು ಸಿಮೆಂಟ್ ಮೂಟೆ! ಅದೂ ಕಣ್ಣು ಮಿಟುಕಿಸುವಷ್ಟರಲ್ಲಿ. ಯಾವ ತಾಯಿಗೂ ಸಾಧ್ಯವಿಲ್ಲ. ತಾಯಿ ಬೆಲ್ಟ್ ಹಾಕಿದ್ದರೆ ಮಗು ಕೈಯಿಂದ ಚಿಮ್ಮಿ ಹೋಗುತ್ತದೆ. ಹಾಕಿರದಿದ್ದರೆ ಮಗುವಿನ ಮೇಲೆ ತಾಯಿಯೇ ಬೀಳುತ್ತಾರೆ. ಇನ್ನು ಮುಂದಿನ ಸೀಟಾದರೆ ಎದುರಿಗೆ ಏರ್‌ಬ್ಯಾಗ್ ಇದೆ. ದೊಡ್ಡವರ ಜೀವ ಉಳಿಸಲು ಸಿಡಿಯುವ ಆ ಚೀಲ ತೊಡೆಯ ಮೇಲಿನ ಮಗುವಿಗೆ ಸುತ್ತಿಗೆಯ ಹೊಡೆತ.

ಕೇಂದ್ರ ಸರ್ಕಾರದ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 9,528 ಮಂದಿ 18 ವರ್ಷದೊಳಗಿನವರು. ದಿನಕ್ಕೆ 26 ಮಕ್ಕಳು. ಸೀಟ್ ಬೆಲ್ಟ್ ಹಾಕದೆ ಸತ್ತವರು 16,715. ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಕಾರು ಓಡಿಸುತ್ತಿದ್ದವರಲ್ಲ, ಜೊತೆಗೆ ಕೂತಿದ್ದವರು. ಅದೇ ವರ್ಷ ಸೆಪ್ಟೆಂಬರ್ 4ರಂದು ಟಾಟಾ ಸಮೂಹದ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ಮುಂಬೈ ಹತ್ತಿರದ ಹೆದ್ದಾರಿಯಲ್ಲಿ ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಕಾರು ಬಹಳ ಬೆಲೆಯದ್ದು. ಅವರು ಕೂತಿದ್ದು ಹಿಂದಿನ ಸೀಟಿನಲ್ಲಿ, ಬೆಲ್ಟ್ ಹಾಕಿರಲಿಲ್ಲ.

ಮಗುವಿನ ಸೀಟು ಸರಿಯಾಗಿ ಕಟ್ಟಿದ್ದರೆ ಅಪಘಾತದಲ್ಲಿ ಹಸುಗೂಸುಗಳ ಸಾವು 71% ತನಕ ಕಡಿಮೆಯಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಕಾನೂನೂ ಇದನ್ನೇ ಕೇಳುತ್ತದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನ ಪ್ರಕಾರ 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಆಗಲಿ ಮಗುವಿನ ಸೀಟಾಗಲಿ ಇಲ್ಲದೆ ಕಾರಿನಲ್ಲಿ ಕರೆದೊಯ್ದರೆ 1,000 ರೂಪಾಯಿ ದಂಡ. ದಂಡಕ್ಕೆ ಹೆದರಿ ಮಾಡಿ ಎಂದು ನಾವು ಹೇಳುತ್ತಿಲ್ಲ. ಕಲ್ಯಾಣದುರ್ಗದಿಂದ ಸೆಟ್ಟೂರಿಗೆ ಬರುವ ದಾರಿಯಲ್ಲಿ ಹಿಡಿದು ಕೇಳುವವರು ಯಾರೂ ಸಿಗದಿರಬಹುದು. ಎಮ್ಮೆ, ಬಣ್ಣ ಬಳಿಯದ ಹಂಪು, ದೀಪವಿಲ್ಲದ ಟ್ರ್ಯಾಕ್ಟರು, ಸುಗ್ಗಿಯಲ್ಲಿ ರಸ್ತೆ ಮೇಲೆ ಹರಡಿದ ಹುರುಳಿ ಮಾತ್ರ ಖಂಡಿತ ಸಿಗುತ್ತವೆ.

ಹಾಗಾದರೆ ಲೆದರ್ ಸೀಟಿನ ಗತಿ?

ಈಗ ಆ ಅಣ್ಣನ ಪ್ರಶ್ನೆಗೆ ಬರೋಣ. ಎರಡನ್ನೂ ಉಳಿಸಿಕೊಳ್ಳಬಹುದು.

ಮೊದಲು, ನಿಮ್ಮದು ಯಾವ ಲೆದರ್ ಎಂದು ತಿಳಿದುಕೊಳ್ಳಿ. ನಮ್ಮ ದೇಶದಲ್ಲಿ ಮಾರುವ ಬಹಳಷ್ಟು ಕಾರುಗಳ "ಲೆದರ್ ಸೀಟು" ನಿಜವಾದ ಚರ್ಮವಲ್ಲ, ಚರ್ಮದಂತೆ ಕಾಣುವ ಲೆದರೆಟ್. ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಬರೆದಿರುತ್ತದೆ. ಎರಡರಲ್ಲೂ ಮಗುವಿನ ಸೀಟು ಒತ್ತಿದ ಗುಂಡಿ ಸಾಮಾನ್ಯವಾಗಿ ಕೆಳಗಿನ ಸ್ಪಂಜಿನದು. ಸೀಟು ಬಿಚ್ಚಿ ಬಿಟ್ಟರೆ ದಿನ ಕಳೆದಂತೆ ಬಹುಪಾಲು ತಾನೇ ಮೇಲೇಳುತ್ತದೆ. ಇಸ್ತ್ರಿಪೆಟ್ಟಿಗೆ, ಕೂದಲು ಒಣಗಿಸುವ ಯಂತ್ರ ಹಿಡಿದು ಬಿಸಿ ಮಾಡಲು ಹೋಗಬೇಡಿ. ಹಾಳಾಗುವುದು ಆಗಲೇ.

ಎರಡನೆಯದು, ಕಟ್ಟುವ ಮೊದಲು ಗುಡಿಸಿ. ಮಾಯದ ಗಾಯ ಮಾಡುವುದು ಒತ್ತಡವಲ್ಲ, ಮರಳು. ಸೀಟಿನ ಸಂದಿ, ಹೊಲಿಗೆ, ಮಗುವಿನ ಸೀಟಿನ ತಳ ಎಲ್ಲವನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಕೂರಿಸಿ. ಎರಡು ಮೂರು ತಿಂಗಳಿಗೊಮ್ಮೆ ಬಿಚ್ಚಿ, ಕೆಳಗೆ ಬಿದ್ದ ಪುಡಿ ತೆಗೆದು, ಮತ್ತೆ ಬಿಗಿಯಾಗಿ ಕಟ್ಟಿ. ಅಷ್ಟು ಮಾಡಿದರೆ ಅರ್ಧ ಕೆಲಸ ಮುಗಿದಂತೆ.

ಮೂರನೆಯದು, ಕೆಳಗೆ ಏನು ಹಾಸಬೇಕು ಎನ್ನುವುದು. ಇಲ್ಲೇ ಹೆಚ್ಚು ಜನ ಎಡವುತ್ತಾರೆ. ಸೀಟಿಗೆ ನೋವಾಗದಿರಲಿ ಎಂದು ಮಡಿಸಿದ ದುಪ್ಪಟಿ, ಕಂಬಳಿ, ಸ್ಪಂಜಿನ ಹಾಸು ಹಾಕಿ ಅದರ ಮೇಲೆ ಮಗುವಿನ ಸೀಟು ಕಟ್ಟುತ್ತಾರೆ. ಕೈಯಲ್ಲಿ ಅಲ್ಲಾಡಿಸಿದರೆ ಬಿಗಿಯಾಗಿದೆ ಎನಿಸುತ್ತದೆ. ಅಪಘಾತದ ಕ್ಷಣದಲ್ಲಿ ಆ ದಪ್ಪ ಹಾಸು ಅಪ್ಪಳಿಸಿ ತೆಳುವಾಗುತ್ತದೆ, ಬೆಲ್ಟ್ ಅಷ್ಟೇ ಸಡಿಲವಾಗುತ್ತದೆ, ಸೀಟು ಮುಂದಕ್ಕೆ ಜಾರುತ್ತದೆ. ಆದ್ದರಿಂದ ದಪ್ಪನೆಯದು ಏನೂ ಬೇಡ. ಮಗುವಿನ ಸೀಟಿನ ಕಂಪನಿಯವರು ತಮ್ಮ ಪುಸ್ತಕದಲ್ಲಿ ಹಾಸಿಗೆ ಒಪ್ಪಿದ್ದಾರಾ ನೋಡಿ. ಕೆಲವರು ತಮ್ಮದೇ ತೆಳು ಹಾಸು ಕೊಡುತ್ತಾರೆ, ಕೆಲವರು ಒಂದು ಪದರದ ತೆಳು ಟವೆಲ್ ಸಾಕು ಎನ್ನುತ್ತಾರೆ, ಕೆಲವರು ಏನೂ ಬೇಡ ಎನ್ನುತ್ತಾರೆ. ಬೇಡ ಎಂದಿದ್ದರೆ ಬೇಡ. ಟವೆಲ್ ಹಾಕಬಹುದಾದರೆ ಬಿಳಿಯದು, ಹಳೆಯದು ಒಳ್ಳೆಯದು. ಹೊಸ ಕೆಂಪು ಟವೆಲ್ ಬೆವರಿಗೂ ನೀರಿಗೂ ಬಣ್ಣ ಬಿಟ್ಟರೆ ತಿಳಿ ಬಣ್ಣದ ಸೀಟಿನ ಮೇಲೆ ಕಲೆ ಉಳಿಯುತ್ತದೆ. ರಬ್ಬರ್ ತಳದ ಮ್ಯಾಟು ನಮ್ಮ ಏಪ್ರಿಲ್ ಬಿಸಿಲಿಗೆ ಲೆದರೆಟ್‌ಗೆ ಅಂಟಿಕೊಳ್ಳಬಹುದು.

ನಾಲ್ಕನೆಯದು, ಒಂದು ಅಂಗುಲದ ಪರೀಕ್ಷೆ. ಏನೇ ಹಾಸಿದರೂ, ಹಾಸದಿದ್ದರೂ, ಬೆಲ್ಟ್ ಹಾದುಹೋಗುವ ಜಾಗದಲ್ಲಿ ಮಗುವಿನ ಸೀಟನ್ನು ಹಿಡಿದು ಎಡಕ್ಕೆ ಬಲಕ್ಕೆ, ಹಿಂದೆ ಮುಂದೆ ಎಳೆಯಿರಿ. ಒಂದು ಅಂಗುಲಕ್ಕಿಂತ ಹೆಚ್ಚು ಅಲ್ಲಾಡಬಾರದು. ಅಲ್ಲಾಡಿದರೆ ಮತ್ತೆ ಕಟ್ಟಿ. ಲೆದರ್ ನುಣುಪಾದ್ದರಿಂದ ಬಟ್ಟೆಯ ಸೀಟಿಗಿಂತ ಸ್ವಲ್ಪ ಹೆಚ್ಚು ಜಾರುತ್ತದೆ. ಅದಕ್ಕೇ ಈ ಪರೀಕ್ಷೆ ನಿಮಗೆ ಇನ್ನೂ ಮುಖ್ಯ.

ಐದನೆಯದು, ಐಸೋಫಿಕ್ಸ್ ಇದ್ದರೆ ಬಳಸಿ. ಈಗಿನ ಕಾರುಗಳ ಹಿಂದಿನ ಸೀಟಿನ ಬೆನ್ನು ಮತ್ತು ಮೆತ್ತೆ ಸೇರುವ ಸಂದಿಯಲ್ಲಿ ಎರಡು ಉಕ್ಕಿನ ಕೊಂಡಿ ಇರುತ್ತವೆ. ಮಗುವಿನ ಸೀಟಿನ ಕೈಗಳು ಅಲ್ಲಿ ಟಕ್ ಎಂದು ಕೂತರೆ ಸರಿಯಾಗಿ ಕಟ್ಟುವುದು ಸುಲಭ. ಕೊಂಡಿಗೆ ಸಿಗಿಸುವಾಗ ಹೊಲಿಗೆ ಹರಿಯದಿರಲಿ ಎಂದು ಪ್ಲಾಸ್ಟಿಕ್ ದಾರಿತೋರುಕ ಕೆಲವು ಸೀಟಿನ ಜೊತೆ ಬರುತ್ತದೆ, ಅದನ್ನು ಹಾಕಿಕೊಳ್ಳಿ. ನಮ್ಮ ಸೀಮೆಯ ಹುಡುಗರಿಗೆ ಇದು ಹೊಸ ವಿಷಯವೂ ಅಲ್ಲ. 2019ರಿಂದ ಪೆನುಕೊಂಡದ ಹತ್ತಿರ ಕಿಯಾ ಕಾರ್ಖಾನೆಯಲ್ಲಿ ಕಾರುಗಳು ತಯಾರಾಗುತ್ತಿವೆ. ಕಾರು ಹೇಗೆ ಕಟ್ಟುತ್ತಾರೆಂದು ಕಣ್ಣಾರೆ ಕಂಡ ನೆರೆಹೊರೆಯವರು ನಮ್ಮಲ್ಲಿದ್ದಾರೆ, ಅವರನ್ನು ಕೇಳಬಹುದು. 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಹದಿನೆಂಟು ತಿಂಗಳ ಮಗು, ಮೂರು ವರ್ಷದ ಮಗು ಇವರ ಅಳತೆಯ ಬೊಂಬೆಗಳನ್ನು ಮಗುವಿನ ಸೀಟಿನಲ್ಲಿ ಕೂರಿಸಿ, ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಕಾರನ್ನು ಗುದ್ದಿಸಿ ನೋಡುತ್ತಾರೆ. ಮಕ್ಕಳ ಸುರಕ್ಷತೆಗೇ ಬೇರೆ 49 ಅಂಕ. ಕಾರು ಕೊಳ್ಳುವಾಗ ಮೈಲೇಜ್ ಕೇಳುವ ನಾವು ಈ ಅಂಕವನ್ನೂ ಕೇಳೋಣ. ಆದರೆ ಒಂದು ನೆನಪಿರಲಿ. ಆ ಅಂಕ ಬಂದಿರುವುದು ಬೊಂಬೆ ಮಗುವಿನ ಸೀಟಿನಲ್ಲಿದ್ದಾಗ, ಯಾರದೋ ತೊಡೆಯ ಮೇಲಿದ್ದಾಗ ಅಲ್ಲ.

ಆರನೆಯದು, ಚೆಲ್ಲಿದ್ದನ್ನು ಆಗಲೇ ಒರೆಸಿ. ಮೆದು ಬಟ್ಟೆ, ಉಗುರುಬೆಚ್ಚಗಿನ ನೀರು, ಒಂದು ಹನಿ ಸೌಮ್ಯ ಸೋಪು, ಆಮೇಲೆ ಒಣ ಬಟ್ಟೆ. ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್ ಬೇಡ. ಮಗುವಿನ ಸೀಟಿನ ಪಟ್ಟಿಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಬ್ಲೀಚ್ ಹಾಕಿ ತಿಕ್ಕಿದರೆ ದಾರದ ಬಲವೇ ಹೋಗುತ್ತದೆ.

ಕೊನೆಯದು ಬಿಸಿಲು. ಕಲ್ಯಾಣದುರ್ಗದ ಸಂತೆಯಲ್ಲಿ ಮಧ್ಯಾಹ್ನ ನಿಂತ ಕಾರಿನ ಲೆದರ್ ಹೆಂಚಿನಂತೆ ಕಾಯುತ್ತದೆ. ಮಗುವಿನ ಸೀಟಿನ ಲೋಹದ ಬಕಲ್ ಇನ್ನೂ ಹೆಚ್ಚು. ಇಳಿಯುವಾಗ ಒಂದು ಬಿಳಿ ಬಟ್ಟೆ ಹೊದಿಸಿ, ಹತ್ತುವಾಗ ಅದನ್ನು ತೆಗೆದು, ಬಕಲ್ಲನ್ನು ನಿಮ್ಮ ಕೈಯಿಂದ ಮುಟ್ಟಿ ನೋಡಿಯೇ ಮಗುವನ್ನು ಕೂರಿಸಿ. "ಎರಡೇ ನಿಮಿಷ" ಎಂದು ಮಗುವನ್ನು ಒಳಗೆ ಬಿಟ್ಟು ಇಳಿಯಬೇಡಿ. ಮುಚ್ಚಿದ ಕಾರಿನ ಒಳಗೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಬಿಸಿ ಏರುತ್ತದೆ.

ಇಷ್ಟು ಮಾಡಿದ ಮೇಲೂ ಒಂದು ಸುಕ್ಕು, ಒಂದು ಗುರುತು ಉಳಿದರೆ? ಉಳಿಯಲಿ ಬಿಡಿ. ನಮ್ಮ ಹಿರಿಯರು ಚರ್ಮದ ಜೊತೆ ಬದುಕಿದವರು. ಕರೆಂಟ್ ಮೋಟಾರು ಬರುವ ಮುಂಚೆ ಎತ್ತುಗಳು ಹಗ್ಗ ಎಳೆದರೆ ಬಾವಿಯಿಂದ ನೀರು ತುಂಬಿಕೊಂಡು ಮೇಲೆ ಬರುತ್ತಿದ್ದುದು ಕಪಿಲೆಯ ಚರ್ಮದ ಚೀಲ. ಹೊಸ ಚಪ್ಪಲಿಗೆ ಹರಳೆಣ್ಣೆ ತಿಕ್ಕಿ, ಕಾಲಿಗೆ ಹೊಂದುವ ತನಕ ಮೆಟ್ಟಿ ನಡೆಯುತ್ತಿದ್ದರು. (ಕಾರಿನ ಸೀಟಿಗೆ ಹರಳೆಣ್ಣೆ ಹಚ್ಚಬೇಡಿ, ಧೂಳೆಲ್ಲ ಬಂದು ಅಂಟುತ್ತದೆ!) ಗುರುತು ಬಿತ್ತೆಂದು ಕಪಿಲೆ ನಿಲ್ಲಿಸಿದವರಿಲ್ಲ. ಸುಕ್ಕು ಬೀಳುವುದು ಚರ್ಮ ಕೆಲಸ ಮಾಡಿದ್ದಕ್ಕೆ ಗುರುತು.

"ಆದರೂ..." ಎನ್ನುವವರಿಗೆ

ನಮ್ಮ ಸಭೆಯಲ್ಲೇ ಎದ್ದ ಮಾತುಗಳಿವು. "ಮಗು ಆ ಸೀಟಲ್ಲಿ ಕೂರೋದಿಲ್ಲ, ಅಳ್ತೈತೆ." ನಿಜ, ಮೊದಮೊದಲು ಅಳುತ್ತದೆ. ಲಸಿಕೆ ಹಾಕಿಸುವಾಗಲೂ ಅತ್ತಿತ್ತು, ನಾವು ಎದ್ದು ಬಂದೆವಾ? ಮನೆಯಲ್ಲೇ ಆ ಸೀಟಿನಲ್ಲಿ ಕೂರಿಸಿ ಆಟ ಆಡಿಸಿ, ಹತ್ತಿರದ ಪ್ರಯಾಣಗಳಲ್ಲಿ ಅಭ್ಯಾಸ ಮಾಡಿಸಿ. ಹಸುಗೂಸುಗಳ ಸೀಟು ಹಿಂದಕ್ಕೆ ಮುಖ ಮಾಡಿರಬೇಕು. ಯುರೋಪಿನ ಹೊಸ ನಿಯಮದ ಸೀಟುಗಳಲ್ಲಿ ಕನಿಷ್ಠ 15 ತಿಂಗಳ ತನಕ ಹೀಗೇ ಕೂರಿಸಬೇಕು. ಮಗುವಿನ ಕತ್ತು ಎಳೆಯದು, ತಲೆ ಭಾರ, ಹಿಂದಕ್ಕೆ ಮುಖ ಮಾಡಿದ್ದರೆ ಪೆಟ್ಟು ಇಡೀ ಬೆನ್ನಿಗೆ ಹಂಚಿಹೋಗುತ್ತದೆ. ಅಂಥ ಸೀಟನ್ನು ಏರ್‌ಬ್ಯಾಗ್ ಇರುವ ಮುಂದಿನ ಜಾಗದಲ್ಲಿ ಮಾತ್ರ ಎಂದೂ ಇಡಬೇಡಿ.

"ನಾವು ನಿಮ್ಮನ್ನೆಲ್ಲ ತೊಡೆ ಮೇಲೇ ಕೂರಿಸ್ಕೊಂಡು ತಿರುಗಲಿಲ್ವಾ? ಏನಾಯ್ತು?" ಇದು ನಮ್ಮ ಅಜ್ಜಿಯರ ಮಾತು. ಅಜ್ಜಿ, ನೀವು ತಿರುಗಿದ್ದು ಎತ್ತಿನ ಗಾಡಿಯಲ್ಲಿ, ಕೆಂಪು ಬಸ್ಸಿನಲ್ಲಿ. ನಿಮ್ಮ ಮೊಮ್ಮಗ ಈಗ 44ನೇ ಹೆದ್ದಾರಿಯಲ್ಲಿ ಗಂಟೆಗೆ ನೂರರ ಮೇಲೆ ಓಡಿಸಿಕೊಂಡು ಬರುತ್ತಾನೆ. ನಮಗೆ ಏನೂ ಆಗಲಿಲ್ಲ, ದೇವರಿಗೆ ಸ್ತೋತ್ರ. ಆದರೆ ಏನಾದರೂ ಆದ ಮಕ್ಕಳು ಬಂದು ತಮ್ಮ ಕಥೆ ಹೇಳಲಾರರು.

"ಸೀಟಿಗೆ ಅಷ್ಟು ದುಡ್ಡು ಎಲ್ಲಿಂದ?" ಇದು ನ್ಯಾಯವಾದ ಮಾತು. ಕೆಲವು ಸಾವಿರ ರೂಪಾಯಿ ಬೇಕು. ಆದರೆ ಲೆದರ್ ಸೀಟಿನ ಮಾಡೆಲ್ಲಿಗೆ ಕೊಟ್ಟ ಹೆಚ್ಚಿನ ಹಣದಲ್ಲಿ ಒಂದು ಪಾಲು ಸಾಕಿತ್ತಲ್ಲವೇ? ಕಾರಿನ ಬೆಲೆಯಲ್ಲೇ ಮಗುವಿನ ಸೀಟನ್ನೂ ಸೇರಿಸಿ ಲೆಕ್ಕ ಹಾಕಿ. ಆಗ ಅದು ಹೆಚ್ಚಿನ ಖರ್ಚು ಎನಿಸುವುದಿಲ್ಲ.

ಕಾರಿಲ್ಲದ ಮನೆಗಳು

ಇದನ್ನೆಲ್ಲ ಬರೆಯುವಾಗ ನಮಗೆ ಒಂದು ಸಂಕೋಚ ಇತ್ತು. ನಮ್ಮ ಧರ್ಮಕೇಂದ್ರದಲ್ಲಿ ಕಾರಿರುವ ಮನೆಗಳಿಗಿಂತ ಇಲ್ಲದವೇ ಹೆಚ್ಚು. ಲೆದರ್ ಸೀಟಿನ ಮಾತು ಉಳ್ಳವರ ಮಾತಲ್ಲವೇ? ಹೌದು. ಆದರೆ ಬೈಕಿನ ಟ್ಯಾಂಕ್ ಮೇಲೆ ಮಗುವನ್ನು ಕೂರಿಸುವವರೂ ನಾವೇ. ಹಬ್ಬಕ್ಕೆ ಟೆಂಪೋದಲ್ಲಿ ಮಕ್ಕಳನ್ನು ಬಾಗಿಲ ಬಳಿ ನಿಲ್ಲಿಸುವವರೂ ನಾವೇ. ಬೈಕಿಗೂ ನಿಯಮ ಇದೆ. 2023ರ ಫೆಬ್ರುವರಿ 15ರಿಂದ, ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ತನಕದ ಮಗುವನ್ನು ಬೈಕಿನಲ್ಲಿ ಕೂರಿಸಿದರೆ ಓಡಿಸುವವರಿಗೆ ಕಟ್ಟುವ ಸುರಕ್ಷಾ ಪಟ್ಟಿ ಇರಬೇಕು, ಮಗುವಿನ ಅಳತೆಯ ಹೆಲ್ಮೆಟ್ ಇರಬೇಕು, ವೇಗ 40 ಕಿಲೋಮೀಟರ್ ದಾಟಬಾರದು. ನಾಲ್ಕು ವರ್ಷ ದಾಟಿದ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯ. ಬೈಕಿಗೆ ಗೀರು ಬೀಳದಂತೆ ಟ್ಯಾಂಕಿಗೆ ಕವರ್ ಹಾಕಿ, ಮಗುವಿನ ತಲೆಯನ್ನು ಬರಿದು ಬಿಡುವುದೂ ಆ ಅಣ್ಣ ಮಾಡಿದ್ದೂ ಒಂದೇ.

ಇನ್ನೊಂದು ಕೆಲಸ ನಾವು ಯುವಕರು ಮಾಡಬಹುದು. ಮಕ್ಕಳು ಬೇಗ ಬೆಳೆಯುತ್ತಾರೆ, ಸೀಟು ಚಿಕ್ಕದಾಗಿ ಅಟ್ಟ ಸೇರುತ್ತದೆ. ಆ ಸೀಟುಗಳನ್ನು ಧರ್ಮಕೇಂದ್ರದಲ್ಲಿ ಸೇರಿಸಿಟ್ಟು, ಜ್ಞಾನಸ್ನಾನಕ್ಕೆ ಬರುವ, ಆಸ್ಪತ್ರೆಗೆ ಬಾಡಿಗೆ ಕಾರು ಮಾಡುವ ಮನೆಗಳಿಗೆ ಕೊಡಬಹುದು. ಷರತ್ತು ಇಷ್ಟೇ: ಅಪಘಾತ ಕಂಡ ಸೀಟು, ಬಿರುಕು ಬಿಟ್ಟದ್ದು, ಮೇಲೆ ಬರೆದ ಅವಧಿ ಮುಗಿದದ್ದು, ಯಾರದೆಂದು ತಿಳಿಯದ್ದು ಬೇಡ. ಜೊತೆಗೆ ತಿಂಗಳಿಗೊಂದು ಭಾನುವಾರ ಪೂಜೆ ಮುಗಿದ ಮೇಲೆ, ಸೀಟು ಇರುವವರ ಕಾರಿನಲ್ಲಿ ಅದನ್ನು ಸರಿಯಾಗಿ ಕಟ್ಟಿದೆಯೇ ಎಂದು ನಾವೇ ನೋಡಿಕೊಡುತ್ತೇವೆ. ಫಾದರ್ ಅವರನ್ನು ಕೇಳಿದೆವು. "ಒಳ್ಳೆಯದು, ಮೊದಲು ನೀವು ಸರಿಯಾಗಿ ಕಲಿಯಿರಿ" ಎಂದರು. ಕಲಿಯುತ್ತಿದ್ದೇವೆ.

ಹೊತ್ತವನ ಹೆಸರು

ಎಷ್ಟೋ ಕಾರುಗಳಲ್ಲಿ ಸಂತ ಕ್ರಿಸ್ಟೋಫರ್ ಅವರ ಚಿತ್ರ ಇರುತ್ತದೆ. ಆ ಹೆಸರಿಗೆ ಅರ್ಥ "ಕ್ರಿಸ್ತನನ್ನು ಹೊತ್ತವನು" ಎಂದು. ಮಗುವೊಂದನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟಿಸಿದವರ ಕಥೆ ಅದು. ಪ್ರಯಾಣಿಕರು ಅವರ ನೆರವನ್ನು ಬೇಡುತ್ತಾರೆ. ಆ ಚಿತ್ರವನ್ನು ಡ್ಯಾಶ್‌ಬೋರ್ಡಿಗೆ ಅಂಟಿಸಿ, ಹಿಂದೆ ಮಗುವನ್ನು ಹಾಗೇ ಬಿಟ್ಟರೆ ಅವರಿಗೆ ಏನನಿಸೀತು?

2007ರ ಜೂನ್‌ನಲ್ಲಿ ವ್ಯಾಟಿಕನ್ ರಸ್ತೆ ಬಳಸುವವರಿಗೆಂದೇ ಒಂದು ಮಾರ್ಗದರ್ಶಿ ಹೊರಡಿಸಿತು. ಅದರಲ್ಲಿ ವಾಹನ ಓಡಿಸುವವರಿಗೆ ಹತ್ತು ಕಟ್ಟಳೆಗಳಿವೆ. ಕೊಲ್ಲಬೇಡ ಎಂಬುದು ಮೊದಲನೆಯದು. ವಾಹನವನ್ನು ನಮ್ಮ ದರ್ಪ ತೋರುವ ವಸ್ತು ಮಾಡಿಕೊಳ್ಳಬಾರದು ಎನ್ನುವುದೂ, ರಸ್ತೆಯಲ್ಲಿ ಬಲವಿಲ್ಲದವರನ್ನು ಕಾಯಬೇಕು ಎನ್ನುವುದೂ ಅಲ್ಲಿದೆ. ಕಾರಿನೊಳಗೆ ಮಗುವಿಗಿಂತ ಬಲವಿಲ್ಲದವರು ಯಾರು?

ಪ್ರೇಷಿತರ ಕಾರ್ಯಕಲಾಪಗಳಲ್ಲಿ ಸಂತ ಪೇತ್ರರು ಜೊಪ್ಪ ಊರಿನಲ್ಲಿ ಚರ್ಮ ಹದಮಾಡುವ ಸಿಮೋನನ ಮನೆಯಲ್ಲಿ ಉಳಿದುಕೊಳ್ಳುತ್ತಾರೆ. ಚರ್ಮದ ಕೆಲಸದವನ ಮನೆ ಎಂದರೆ ಅಂದು ಹಲವರು ಮೂಗು ಮುಚ್ಚುವ ಜಾಗ. ಪೇತ್ರರಿಗೆ ದೇವರು ದರ್ಶನ ಕೊಟ್ಟದ್ದು ಆ ಮನೆಯ ಮಾಳಿಗೆಯ ಮೇಲೇ. ಯಾವ ಮನುಷ್ಯನನ್ನೂ ಕೀಳೆಂದು ಎಣಿಸಬಾರದು ಎಂದು ಪೇತ್ರರು ಅಲ್ಲಿ ಕಲಿತರು. ವಸ್ತುವಿಗಿಂತ, ಆಚಾರಕ್ಕಿಂತ ಮನುಷ್ಯ ದೊಡ್ಡವನು. ಸಬ್ಬತ್ ದಿನ ಇರುವುದು ಮನುಷ್ಯನಿಗಾಗಿ ಎಂದು ಯೇಸುಸ್ವಾಮಿ ಹೇಳಿದ್ದು ಸಂತ ಮಾರ್ಕನ ಶುಭಸಂದೇಶದಲ್ಲಿದೆ. ದೇವರ ದಿನವೇ ಮನುಷ್ಯನಿಗಾಗಿ ಇದ್ದರೆ ಕಾರಿನ ಸೀಟು ಯಾರಿಗಾಗಿ?

ಕೊನೆಗೆ ಸಂತ ಜೋಸೆಫರನ್ನು ನೆನೆಯೋಣ. ಎಚ್ಚರಿಕೆ ಬಂದ ರಾತ್ರಿಯೇ ಎದ್ದು, ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಈಜಿಪ್ಟಿನ ದಾರಿ ಹಿಡಿದವರು ಅವರು. ಮನೆ, ಕೆಲಸದ ಸಾಮಾನು, ಊರು ಎಲ್ಲ ಹಿಂದೆ ಉಳಿಯಿತು. ಮಗು ಉಳಿಯಿತು. ನಮಗೆ ಅಷ್ಟು ದೊಡ್ಡ ತ್ಯಾಗವನ್ನು ಯಾರೂ ಕೇಳುತ್ತಿಲ್ಲ. ಸೀಟಿನ ಮೇಲೆ ಒಂದು ಗುರುತು, ಅಷ್ಟೇ.

ಆ ಅಣ್ಣ ಹಬ್ಬಕ್ಕೆ ಮತ್ತೆ ಊರಿಗೆ ಬರುತ್ತಾರೆ. ಈ ಸಲ ನಾವು ನಕ್ಕು ಸುಮ್ಮನಾಗುವುದಿಲ್ಲ. ಡಿಕ್ಕಿ ತೆಗೆಸಿ, ಆ ಸೀಟನ್ನು ಹೊರಗೆ ತಂದು, ಧೂಳು ಒರೆಸಿ, ಒಂದು ಬಿಳಿ ಟವೆಲ್ ಕೈಯಲ್ಲಿ ಹಿಡಿದು, "ಬಾರಣ್ಣ, ಇದನ್ನ ಒಟ್ಟಿಗೆ ಕಟ್ಟೋಣ" ಎನ್ನುತ್ತೇವೆ. ನಿಮ್ಮ ಮನೆಗೆ ಬರುವ ಕಾರಿನವರಿಗೆ ನೀವೂ ಹೇಳಿ. ಆಮೇಲೆ ಫಾದರ್ ಪವಿತ್ರ ಜಲ ಚಿಮುಕಿಸುವಾಗ ಮಗುವಿನ ಸೀಟಿನ ಮೇಲೂ ನಾಲ್ಕು ಹನಿ ಬೀಳಲಿ.

ಪ್ರಭುವಿನ ಶಾಂತಿ ನಿಮ್ಮ ಮನೆಯಲ್ಲೂ ನಿಮ್ಮ ದಾರಿಯಲ್ಲೂ ಇರಲಿ.